ಆಂಗ್ಲಿಕನ್ ಒಡಕಿನ ಸುದ್ದಿಯನ್ನು ಓದುವ, ಬರೆಯುವ ಬಗೆ

‘ಸಲಿಂಗ ವಿವಾಹಕ್ಕೆ ಆಂಗ್ಲಿಕನ್ ಚರ್ಚ್ ಒಪ್ಪಿಗೆ.’ 2023ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ನಡೆದದ್ದಕ್ಕೆ ಇಂಥ ತಲೆಬರಹ ಕೊಟ್ಟರೆ ಐದು ಪದಗಳಲ್ಲಿ ಮೂರು ತಪ್ಪು ನುಸುಳುತ್ತವೆ. ಮತ ಹಾಕಿದ್ದು ಇಂಗ್ಲೆಂಡಿನ ಚರ್ಚ್ ಮಾತ್ರ, ಅದರ ಪರಂಪರೆಯಲ್ಲಿ ಜಗತ್ತಿನಾದ್ಯಂತ ಬೆಳೆದ ಚರ್ಚುಗಳ ಇಡೀ ಆಂಗ್ಲಿಕನ್ ಬಳಗವಲ್ಲ. ವಿಷಯವಾಗಿದ್ದದ್ದು ಜೋಡಿಗಾಗಿ ಮಾಡುವ ಪ್ರಾರ್ಥನೆ, ಮದುವೆಯ ಮಾತೇ ಅಲ್ಲಿ ಇರಲಿಲ್ಲ. ಇನ್ನು ‘ಒಪ್ಪಿಗೆ’ ಎಂದದ್ದು ಬಿಷಪ್ಪರ ಪ್ರಸ್ತಾವವನ್ನು ಸ್ವಾಗತಿಸುವ ಒಂದು ಗೊತ್ತುವಳಿ. ಅದರಿಂದ ಯಾವ ಕಾನೂನೂ ಬದಲಾಗಲಿಲ್ಲ.

ಸಲಿಂಗ ಸಂಬಂಧಗಳನ್ನು ಚರ್ಚ್ ಒಪ್ಪಬೇಕೇ ಎಂಬ ಈ ಜಗಳದ ಬಗ್ಗೆ ಬರೆಯುವವರು, ಅನುವಾದಿಸುವವರು, ಸುಮ್ಮನೆ ಓದುವವರು ಎಲ್ಲರೂ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಏನು ತೀರ್ಮಾನವಾಯಿತು ಎಂದು ನೋಡುತ್ತಾರೆ. ತೀರ್ಮಾನಿಸಿದವರು ಯಾರು, ಅವರ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂದು ನೋಡುವುದಿಲ್ಲ. ಆಂಗ್ಲಿಕನ್ನರಿಗೆ ಪೋಪ್ ಇಲ್ಲ. ಇಪ್ಪತ್ತೈದು ವರ್ಷಗಳಿಂದ ಈ ಜಗಳ ಮುಗಿಯದೆ ಉಳಿದಿರುವುದಕ್ಕೆ ದೊಡ್ಡ ಕಾರಣವೇ ಅದು.

ಮೊದಲು: ಯಾವ ಚರ್ಚ್?

ಆಂಗ್ಲಿಕನ್ ಕಮ್ಯುನಿಯನ್ ಎಂಬುದು 42 ಸ್ವತಂತ್ರ ಚರ್ಚುಗಳ ಒಕ್ಕೂಟ. ಒಂದೊಂದನ್ನೂ ಪ್ರಾವಿನ್ಸ್ ಎನ್ನುತ್ತಾರೆ. ಪ್ರತಿ ಪ್ರಾವಿನ್ಸಿಗೂ ತನ್ನದೇ ಸಂವಿಧಾನ, ತನ್ನದೇ ಸಿನೊಡ್ (ಆಡಳಿತ ಸಭೆ), ತನ್ನದೇ ಕ್ಯಾನನ್ ಕಾನೂನು (ಚರ್ಚಿನ ಒಳನಿಯಮ). ಇವನ್ನು ಜೋಡಿಸುವ ಕೊಂಡಿಗಳು ನಾಲ್ಕು: ಕ್ಯಾಂಟರ್ಬರಿಯ ಆರ್ಚ್‌ಬಿಷಪ್, 1867ರಲ್ಲಿ ಶುರುವಾಗಿ ಸುಮಾರು ಹತ್ತು ವರ್ಷಕ್ಕೊಮ್ಮೆ ಬಿಷಪ್ಪರನ್ನೆಲ್ಲ ಕೂಡಿಸುವ ಲ್ಯಾಂಬೆತ್ ಸಮ್ಮೇಳನ, ಪಾದ್ರಿಗಳೂ ಸಾಮಾನ್ಯ ಸದಸ್ಯರೂ ಇರುವ ಆಂಗ್ಲಿಕನ್ ಸಲಹಾ ಮಂಡಳಿ, ಮತ್ತು ಪ್ರೈಮೇಟರ ಸಭೆ. ಪ್ರೈಮೇಟ್ ಎಂದರೆ ಒಂದು ಪ್ರಾವಿನ್ಸಿನ ಮುಖ್ಯ ಬಿಷಪ್. ಯಂತ್ರಾನುವಾದಕ್ಕೆ ಬಿಟ್ಟರೆ ಅವರನ್ನು ವಾನರಗಣಕ್ಕೆ ಸೇರಿಸಿಬಿಡುವ ಅಪಾಯವಿದೆ, ಅನುವಾದಕರು ಎಚ್ಚರವಾಗಿರಬೇಕು.

ಈ ನಾಲ್ಕರಲ್ಲಿ ಯಾವುದಕ್ಕೂ ಒಂದು ಪ್ರಾವಿನ್ಸಿನ ಮೇಲೆ ಕಾನೂನು ಹೇರುವ ಅಧಿಕಾರವಿಲ್ಲ. ಕ್ಯಾಂಟರ್ಬರಿಯವರು ‘ಸಮಾನರಲ್ಲಿ ಮೊದಲಿಗರು’ ಅಷ್ಟೇ. ಅವರ ಕೈಯಲ್ಲಿರುವ ದೊಡ್ಡ ಅಸ್ತ್ರವೆಂದರೆ ಆಮಂತ್ರಣ ಪತ್ರ: ಲ್ಯಾಂಬೆತ್‌ಗೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು.

ಹೆಸರುಗಳು ಕಣ್ಣು ಕಟ್ಟುತ್ತವೆ. ಅಮೆರಿಕದ ‘ಎಪಿಸ್ಕೋಪಲ್ ಚರ್ಚ್’ನ ಹೆಸರಿನಲ್ಲಿ ಆಂಗ್ಲಿಕನ್ ಎಂಬ ಪದವೇ ಇಲ್ಲ, ಆದರೆ ಅದು ಕಮ್ಯುನಿಯನ್ನಿನ ಸದಸ್ಯ. ‘ಆಂಗ್ಲಿಕನ್ ಚರ್ಚ್ ಇನ್ ನಾರ್ತ್ ಅಮೆರಿಕ’ ಹೆಸರಿಗೆ ಅಪ್ಪಟ ಆಂಗ್ಲಿಕನ್, ಆದರೆ ಅದು ಆ 42ರ ಪಟ್ಟಿಯಲ್ಲಿಲ್ಲ. 2009ರಲ್ಲಿ ಎಪಿಸ್ಕೋಪಲ್ ಚರ್ಚಿನಿಂದ ಮತ್ತು ಕೆನಡಾದ ಚರ್ಚಿನಿಂದ ಹೊರಬಂದವರು ಕಟ್ಟಿಕೊಂಡದ್ದು. ‘ಆಂಗ್ಲಿಕನ್ ಚರ್ಚ್ ಆಫ್ ಕೆನಡಾ’ ಮತ್ತೆ ಬೇರೆ, ಅದು ಸದಸ್ಯ. ನಮ್ಮ ದಕ್ಷಿಣ ಭಾರತ ಸಭೆ (ಸಿಎಸ್ಐ) 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಧಾರೆಗಳು ಕೂಡಿ ಆದದ್ದು. ಅದು ಬರಿಯ ಆಂಗ್ಲಿಕನ್ ಅಲ್ಲದಿದ್ದರೂ ಈ 42ರಲ್ಲಿ ಒಂದು.

ಆಮೇಲೆ: ಒಪ್ಪಿದ್ದು ಯಾವ ಮೆಟ್ಟಿಲನ್ನು?

‘ಸಲಿಂಗಿಗಳಿಗೆ ಮಾನ್ಯತೆ’ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಆರು ಬೇರೆ ಬೇರೆ ಸಂಗತಿಗಳು ಅಡಗಿವೆ. ಸದಸ್ಯರಾಗಿ ಸ್ವೀಕರಿಸುವುದು ಒಂದು. ಎಂದಿನ ಭಾನುವಾರದ ಆರಾಧನೆಯ ನಡುವೆ ಜೋಡಿಗಾಗಿ ಪ್ರಾರ್ಥಿಸುವುದು ಇನ್ನೊಂದು. ಅದಕ್ಕೆಂದೇ ಪ್ರತ್ಯೇಕ ಆಶೀರ್ವಾದದ ಆರಾಧನೆ ಏರ್ಪಡಿಸುವುದು ಅದಕ್ಕಿಂತ ಮೇಲಿನ ಮೆಟ್ಟಿಲು. ಚರ್ಚಿನೊಳಗೆ ಮದುವೆ ಮಾಡಿಸುವುದು ಅದಕ್ಕೂ ಮೇಲೆ. ಪಾದ್ರಿಗಳ ಖಾಸಗಿ ಬದುಕಿನದು ಪಕ್ಕದ ಇನ್ನೊಂದು ಏಣಿ: ಸಂಗಾತಿಯೊಡನೆ ಬದುಕುವ ಪಾದ್ರಿ, ಮದುವೆಯಾದ ಪಾದ್ರಿ, ಕೊನೆಗೆ ಬಿಷಪ್. ಒಂದು ಚರ್ಚ್ ಒಂದು ಏಣಿಯಲ್ಲಿ ಮೇಲಿದ್ದು ಇನ್ನೊಂದರಲ್ಲಿ ಕೆಳಗಿರಬಹುದು.

ಅಮೆರಿಕದ ಎಪಿಸ್ಕೋಪಲ್ ಚರ್ಚ್ 2015ರಲ್ಲಿ ಮದುವೆಯ ಕ್ಯಾನನ್ನನ್ನೇ ತಿದ್ದಿತು. ಸ್ಕಾಟ್ಲೆಂಡ್ 2017ರಲ್ಲಿ, ಬ್ರೆಜಿಲ್ 2018ರಲ್ಲಿ ಅದೇ ಹಾದಿ ಹಿಡಿದವು. ನ್ಯೂಜಿಲೆಂಡ್ 2018ರಲ್ಲಿ, ವೇಲ್ಸ್ 2021ರಲ್ಲಿ ಆಶೀರ್ವಾದಕ್ಕೆ ಅವಕಾಶ ಕೊಟ್ಟವು, ಮದುವೆಗಲ್ಲ. ಹಾಗಿದ್ದೂ ಸಲಿಂಗ ಸಂಗಾತಿಯಿರುವ ಚೆರಿ ವಾನ್ ಅವರನ್ನು 2025ರಲ್ಲಿ ಆರ್ಚ್‌ಬಿಷಪ್ ಆಗಿ ಆರಿಸಿದ್ದು ಅದೇ ವೇಲ್ಸ್. ಎರಡು ಏಣಿ ಎಂದದ್ದು ಇದಕ್ಕೇ.

ಇಂಗ್ಲೆಂಡಿನದು ಎಲ್ಲಕ್ಕಿಂತ ಗೋಜಲು. 2005ರಿಂದ ಅಲ್ಲಿನ ಪಾದ್ರಿ ಸಿವಿಲ್ ಪಾರ್ಟ್‌ನರ್‌ಶಿಪ್ (ಮದುವೆಯಲ್ಲದ, ಆದರೆ ಕಾನೂನು ಒಪ್ಪುವ ಜೋಡಿ ಸಂಬಂಧ) ನೋಂದಾಯಿಸಬಹುದು, ಆದರೆ ಬ್ರಹ್ಮಚರ್ಯ ಪಾಲಿಸಬೇಕು. ಸಲಿಂಗ ವಿವಾಹವಾಗುವಂತಿಲ್ಲ. ಚರ್ಚಿನಲ್ಲಿ ಅಂಥ ಮದುವೆ ಮಾಡಿಸುವುದಂತೂ ಸಾಧ್ಯವೇ ಇಲ್ಲ, ಏಕೆಂದರೆ ಅಡ್ಡಿ ಬರಿಯ ಚರ್ಚಿನದಲ್ಲ: ಸಲಿಂಗ ವಿವಾಹಕ್ಕೆ ದಾರಿ ಮಾಡಿದ 2013ರ ಕಾಯಿದೆಯೇ ಇಂಗ್ಲೆಂಡಿನ ಚರ್ಚನ್ನು ಹೊರಗಿಟ್ಟು ಬೀಗ ಹಾಕಿದೆ. ಅಲ್ಲಿನ ಪಾದ್ರಿಯೊಬ್ಬರು ಮನಸ್ಸು ಮಾಡಿ ಮದುವೆ ಮಾಡಿಸಿದರೂ ಅದು ಕಾನೂನಿನ ಕಣ್ಣಿಗೆ ಮದುವೆಯಲ್ಲ.

ಮತ ಎಣಿಸುವುದನ್ನು ಕಲಿಯದೆ ಬರೆಯಬೇಡಿ

ಇಂಗ್ಲೆಂಡಿನ ಸಿನೊಡ್‌ನಲ್ಲಿ ಮೂರು ಸದನ: ಬಿಷಪ್ಪರದು, ಪಾದ್ರಿಗಳದು, ಸಾಮಾನ್ಯ ಸದಸ್ಯರದು. ಸದನವಾರು ಮತ ಎಂದು ಕೇಳಿಬಿಟ್ಟರೆ ಮೂರರಲ್ಲೂ ಗೆಲ್ಲಬೇಕು. 2023ರ ಫೆಬ್ರವರಿ 9ರ ಲೆಕ್ಕ ಹೀಗಿತ್ತು: ಬಿಷಪ್ಪರಲ್ಲಿ 36ಕ್ಕೆ 4, ಪಾದ್ರಿಗಳಲ್ಲಿ 111ಕ್ಕೆ 85, ಸಾಮಾನ್ಯ ಸದಸ್ಯರಲ್ಲಿ 103ಕ್ಕೆ 92. ಮೂರೂ ಕಡೆ ಗೆಲುವು. ಪ್ರಾರ್ಥನೆಗಳು ಚರ್ಚಿನ ಸಿದ್ಧಾಂತಕ್ಕೆ ವಿರುದ್ಧವಾಗಿರಬಾರದು ಎಂಬ ತಿದ್ದುಪಡಿಯೂ ಅದೇ ಗೊತ್ತುವಳಿಯಲ್ಲಿ ಸೇರಿತ್ತು. ಹೀಗಾಗಿ ಮದುವೆ ಎಂದರೆ ಒಬ್ಬ ಗಂಡು ಒಬ್ಬ ಹೆಣ್ಣು ಎಂಬ ಕ್ಯಾನನ್ ಹಾಗೆಯೇ ಉಳಿಯಿತು.

ಈಗ ಅದೇ ಸಂಖ್ಯೆಗಳನ್ನು ಇನ್ನೊಂದು ಅಳತೆಗೋಲಿನಲ್ಲಿ ನೋಡಿ. ಹೊಸ ಆರಾಧನಾ ವಿಧಿಯನ್ನು ಪೂರ್ಣವಾಗಿ ಅಧಿಕೃತಗೊಳಿಸಬೇಕಾದರೆ ಬಿ2 ಎಂಬ ಕ್ಯಾನನ್ ಪ್ರಕಾರ ಮೂರೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಬಿಷಪ್ಪರಲ್ಲಿ ಶೇ 90 ಬಂದಿತ್ತು. ಪಾದ್ರಿಗಳಲ್ಲಿ ಶೇ 57ರ ಆಸುಪಾಸು, ಸಾಮಾನ್ಯ ಸದಸ್ಯರಲ್ಲಿ ಶೇ 53ಕ್ಕೂ ಸ್ವಲ್ಪ ಕಡಿಮೆ. ಆ ಅಳತೆಯಲ್ಲಿ ಅದು ಸೋಲು. ಇಂಗ್ಲೆಂಡಿನ ಬಿಷಪ್ಪರು ಮೊದಲಿಗೆ ಬಿ2 ಹಾದಿ ಬಿಟ್ಟು, ಎಂದಿನ ಆರಾಧನೆಯೊಳಗೆ ಬಳಸಲು ಪ್ರಾರ್ಥನೆಗಳನ್ನು ‘ಶಿಫಾರಸು’ ಮಾಡಿದ್ದರ ಗುಟ್ಟು ಇಲ್ಲಿದೆ. ಅವು 2023ರ ಡಿಸೆಂಬರ್ 17ರಿಂದ ಬಳಕೆಗೆ ಬಂದವು. ಪ್ರತ್ಯೇಕ ಆರಾಧನೆಗೆ ಮಾತ್ರ ಬಿ2 ಹಾದಿಯೇ ಬೇಕು ಎಂದು 2025ರ ಅಕ್ಟೋಬರಿನಲ್ಲಿ ಬಿಷಪ್ಪರೇ ಹೇಳಿದರು. ಅದನ್ನು ‘ಬಿಷಪ್ಪರು ಹಿಂದೆ ಸರಿದರು’ ಎಂದು ಬರೆಯುವುದು ಸುಲಭ. ಸುದ್ದಿಯ ತಿರುಳು ಇರುವುದು ಮೇಲಿನ ಶೇಕಡಾವಾರಿನಲ್ಲಿ.

ಕೆನಡಾದ ಉದಾಹರಣೆ ಇನ್ನೂ ಚುರುಕು. 2019ರಲ್ಲಿ ಮದುವೆಯ ಕ್ಯಾನನ್ ತಿದ್ದುಪಡಿಗೆ ಸಾಮಾನ್ಯ ಸದಸ್ಯರಲ್ಲಿ ಶೇ 80.9, ಪಾದ್ರಿಗಳಲ್ಲಿ ಶೇ 73.2, ಬಿಷಪ್ಪರಲ್ಲಿ ಶೇ 62.2 ಬೆಂಬಲ ಸಿಕ್ಕಿತು. ಬಿಷಪ್ಪರ ಸದನದಲ್ಲಿ ಮೂರನೇ ಎರಡು ಮುಟ್ಟಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಆದರೆ ಕೆನಡಾದಲ್ಲಿ ಸಲಿಂಗ ವಿವಾಹ ನಿಂತಿತೇ? ಇಲ್ಲ. ಒಂದೊಂದು ಬಿಷಪ್ ಆಡಳಿತ ಪ್ರದೇಶವೂ ತನ್ನ ದಾರಿ ನೋಡಿಕೊಳ್ಳಬಹುದು ಎಂಬ ಹೇಳಿಕೆಗೆ ಅದೇ ಸಿನೊಡ್ ಸಮ್ಮತಿಸಿತು, ಹಲವೆಡೆ ಮದುವೆಗಳು ನಡೆಯುತ್ತಲೇ ಇವೆ. ‘ಕೆನಡಾ ತಿರಸ್ಕರಿಸಿತು’ ಎಂಬ ತಲೆಬರಹ ಅಕ್ಷರಶಃ ನಿಜ, ಆದರೂ ಓದುಗರ ದಾರಿ ತಪ್ಪಿಸುತ್ತದೆ.

1.10 ನಿರ್ಣಯವನ್ನು ಪೂರ್ತಿ ಓದಿ

ಸಂಪ್ರದಾಯವಾದಿ, ಉದಾರವಾದಿ ಎರಡೂ ಬಣಗಳ ಬಾಯಲ್ಲಿ ಸದಾ ಇರುವ ಅಂಕಿ ಇದು. 1998ರ ಲ್ಯಾಂಬೆತ್ ಸಮ್ಮೇಳನ 526ಕ್ಕೆ 70 ಮತಗಳಿಂದ ಅಂಗೀಕರಿಸಿದ ನಿರ್ಣಯ; 45 ಬಿಷಪ್ಪರು ತಟಸ್ಥರಾಗಿದ್ದರು. ಸಲಿಂಗ ಲೈಂಗಿಕತೆ ಧರ್ಮಗ್ರಂಥಕ್ಕೆ ಹೊಂದುವುದಿಲ್ಲ, ಸಲಿಂಗ ಜೋಡಿಗಳ ಆಶೀರ್ವಾದಕ್ಕಾಗಲಿ ಅಂಥ ಸಂಬಂಧದಲ್ಲಿರುವವರ ಪಾದ್ರಿ ದೀಕ್ಷೆಗಾಗಲಿ ಸಲಹೆ ಕೊಡಲಾಗದು ಎಂದು ಅದು ಹೇಳುತ್ತದೆ. ಸಂಪ್ರದಾಯವಾದಿಗಳು ಎತ್ತಿಹಿಡಿಯುವುದು ಈ ಭಾಗವನ್ನು. ಸಲಿಂಗಿಗಳ ಅನುಭವವನ್ನು ಆಲಿಸುತ್ತೇವೆ, ಲೈಂಗಿಕ ಒಲವು ಯಾವುದೇ ಇರಲಿ ದೀಕ್ಷಾಸ್ನಾನ ಪಡೆದ ವಿಶ್ವಾಸಿಗಳು ಕ್ರಿಸ್ತನ ದೇಹದ ಪೂರ್ಣ ಸದಸ್ಯರು, ಅವರ ಬಗೆಗಿನ ವಿವೇಚನೆಯಿಲ್ಲದ ಭಯವನ್ನು ಖಂಡಿಸಬೇಕು ಎಂದೂ ಅದೇ ನಿರ್ಣಯ ಹೇಳುತ್ತದೆ. ಉದಾರವಾದಿಗಳು ನೆನಪಿಸುವುದು ಇದನ್ನು. ಅರ್ಧ ಉಲ್ಲೇಖಿಸಿದ ಹೇಳಿಕೆ ಕೈಗೆ ಬಂದರೆ ಇನ್ನರ್ಧವನ್ನು ನೀವೇ ಸೇರಿಸಿ.

ಇದು ನಿರ್ಣಯ, ಕಾನೂನಲ್ಲ ಎಂಬುದನ್ನೂ ಮರೆಯಬಾರದು. 2022ರ ಲ್ಯಾಂಬೆತ್‌ನಲ್ಲಿ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಈ ನಿರ್ಣಯ ಈಗಲೂ ಇದೆ ಎಂದು ದೃಢಪಡಿಸಿದರು. ಅದನ್ನು ಪಾಲಿಸದ ಚರ್ಚುಗಳಿಗೆ ಶಿಸ್ತುಕ್ರಮ ಜರುಗಿಸುವ ಮಾತು ಆಡಲಿಲ್ಲ. ನೈಜೀರಿಯಾ, ಉಗಾಂಡ, ರುವಾಂಡದ ಬಿಷಪ್ಪರು ಆ ಸಮ್ಮೇಳನಕ್ಕೆ ಬರಲೇ ಇಲ್ಲ.

ಒಂದು ಬೇಸಿಗೆ, ಎರಡು ನೇಮಕ

ಒಡಕು ಹೇಗೆ ಬಾಯಿಬಿಟ್ಟಿತು ಎಂದು ವಿವರಿಸಬೇಕಾದರೆ 2003ರ ಬೇಸಿಗೆಯೊಂದೇ ಸಾಕು. ಇಂಗ್ಲೆಂಡಿನಲ್ಲಿ ಜೆಫ್ರಿ ಜಾನ್ ಅವರನ್ನು ರೆಡಿಂಗ್‌ನ ಬಿಷಪ್ ಸ್ಥಾನಕ್ಕೆ ಹೆಸರಿಸಲಾಯಿತು. ಅವರಿಗೆ ಸಂಗಾತಿಯಿದ್ದರು, ಸಂಬಂಧ ಬ್ರಹ್ಮಚರ್ಯದ್ದು ಎಂದು ಅವರು ಹೇಳಿದ್ದರು. ಆದರೂ ಗದ್ದಲ ಎದ್ದಿತು, ಆರ್ಚ್‌ಬಿಷಪ್ (ಆಗ ಕ್ಯಾಂಟರ್ಬರಿಯಲ್ಲಿದ್ದ) ರೋವನ್ ವಿಲಿಯಮ್ಸ್ ಮಾತಿಗೆ ಅವರು ಜುಲೈನಲ್ಲಿ ಹಿಂದೆ ಸರಿದರು. ಅದೇ ಹೊತ್ತಿಗೆ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಸಂಗಾತಿಯೊಡನೆ ಬಹಿರಂಗವಾಗಿ ಬದುಕುತ್ತಿದ್ದ ಜೀನ್ ರಾಬಿನ್ಸನ್ ಬಿಷಪ್ ಆಗಿ ಆಯ್ಕೆಯಾದರು. ನವೆಂಬರ್ 2ರಂದು, ಉಡುಪಿನಡಿ ಗುಂಡುನಿರೋಧಕ ಅಂಗಿ ತೊಟ್ಟು, ಅಭಿಷೇಕ ಪಡೆದರು.

ಒಬ್ಬರನ್ನು ತಡೆಯಲು ಆಯಿತು, ಇನ್ನೊಬ್ಬರನ್ನು ಆಗಲಿಲ್ಲ. ಕಾರಣ ಧರ್ಮಶಾಸ್ತ್ರಕ್ಕಿಂತ ನೇಮಕದ ವಿಧಾನದಲ್ಲಿದೆ. ಇಂಗ್ಲೆಂಡಿನಲ್ಲಿ ಬಿಷಪ್ಪರನ್ನು ಮೇಲಿನಿಂದ ನೇಮಿಸುತ್ತಾರೆ, ಮೇಲಿನವರ ಕಿವಿಯಲ್ಲಿ ಒಂದು ಮಾತು ಉಸುರಿದರೆ ಹೆಸರು ಹಿಂದಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಸ್ಥಳೀಯ ಪಾದ್ರಿಗಳೂ ಸದಸ್ಯರೂ ಮತ ಹಾಕಿ ಆರಿಸುತ್ತಾರೆ, ರಾಷ್ಟ್ರಮಟ್ಟದ ಸಮಾವೇಶ ಅದಕ್ಕೆ ಸಮ್ಮತಿ ಕೊಟ್ಟಾಗಿತ್ತು. ಕ್ಯಾಂಟರ್ಬರಿಗೆ ಅಲ್ಲಿ ಕೈಹಾಕುವ ಜಾಗವೇ ಇರಲಿಲ್ಲ. 2008ರ ಲ್ಯಾಂಬೆತ್‌ಗೆ ರಾಬಿನ್ಸನ್ ಅವರನ್ನು ಕರೆಯದೆ ಬಿಟ್ಟದ್ದಷ್ಟೇ ಅದರ ಕೈಲಾದದ್ದು.

ಇದರ ಬೆನ್ನಿಗೆ 2004ರಲ್ಲಿ ಕಮ್ಯುನಿಯನ್ನಿನ ಆಯೋಗವೊಂದರ ವಿಂಡ್ಸರ್ ವರದಿ ಬಂತು. ಅದು ಕೇಳಿದ ತಡೆಗಳು ಮೂರು: ಸಂಗಾತಿಯಿರುವ ಸಲಿಂಗಿಗಳನ್ನು ಬಿಷಪ್ ಮಾಡಬೇಡಿ, ಸಲಿಂಗ ಜೋಡಿಗಳ ಆಶೀರ್ವಾದದ ವಿಧಿ ಬೇಡ, ಒಂದು ಪ್ರಾವಿನ್ಸಿನ ಬಿಷಪ್ ಇನ್ನೊಂದರ ಗಡಿಯೊಳಗೆ ನುಗ್ಗಿ ಅಲ್ಲಿನ ಸಭೆಗಳನ್ನು (ಸ್ಥಳೀಯ ವಿಶ್ವಾಸಿಗಳ ಕೂಟಗಳನ್ನು) ತನ್ನ ಕೈಗೆ ತೆಗೆದುಕೊಳ್ಳಬಾರದು. ಮೂರನೆಯದನ್ನು ಲೇಖನಗಳು ಸಾಮಾನ್ಯವಾಗಿ ನುಂಗಿಹಾಕುತ್ತವೆ. ನೈಜೀರಿಯಾ, ಉಗಾಂಡ, ರುವಾಂಡಗಳ ಬಿಷಪ್ಪರು ಅಮೆರಿಕದ ಅತೃಪ್ತ ಸಭೆಗಳಿಗೆ ಆಶ್ರಯ ಕೊಟ್ಟದ್ದು ಈ ತಡೆಯನ್ನು ಮೀರಿದಂತಾಯಿತು. ನಿಯಮ ಮುರಿದವರು ಒಂದೇ ಕಡೆಯವರು ಎಂದು ಬರೆದರೆ ಲೆಕ್ಕ ತಪ್ಪುತ್ತದೆ.

‘ಬೇರೆಯಾದರು’ ಎಂಬ ಪದ

ಈ ಕತೆಯಲ್ಲಿ ಒಡೆದುಹೋದ ಸುದ್ದಿ ಎಷ್ಟೋ ಬಾರಿ ಬಂದಿದೆ. ಅದಕ್ಕೇ ಆ ಪದವನ್ನು ಸುಲಭವಾಗಿ ಬಳಸಬಾರದು. ಸಂಪ್ರದಾಯವಾದಿಗಳಲ್ಲೂ ಎರಡು ಕೂಟಗಳಿವೆ. 2008ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಗ್ಯಾಫ್ಕಾನ್ ಒಂದು ಆಂದೋಲನ. ಅದರಲ್ಲಿ ಪ್ರಾವಿನ್ಸುಗಳೂ ಇವೆ, ಹೊರಬಂದ ಸಭೆಗಳೂ ಇವೆ. ಮುಖ್ಯವಾಗಿ ಆಫ್ರಿಕ, ಏಷ್ಯಾ ಕಡೆಯ ಪ್ರಾವಿನ್ಸುಗಳ ಗ್ಲೋಬಲ್ ಸೌತ್ ಫೆಲೋಶಿಪ್ ಬೇರೆ ಸಂಸ್ಥೆ. ಸದಸ್ಯರು ಸಾಕಷ್ಟು ಮಂದಿ ಎರಡರಲ್ಲೂ ಇದ್ದಾರೆ, ಧಾಟಿ ಮಾತ್ರ ಒಂದೇ ಅಲ್ಲ. ಇಂಗ್ಲೆಂಡಿನ ಮತದಾನವಾದ ಹನ್ನೊಂದೇ ದಿನಕ್ಕೆ, 2023ರ ಫೆಬ್ರವರಿ 20ರಂದು, ವೆಲ್ಬಿಯವರನ್ನು ಇನ್ನು ‘ಸಮಾನರಲ್ಲಿ ಮೊದಲಿಗ’ ಎಂದು ಒಪ್ಪಲಾರೆವು ಎಂದದ್ದು ಫೆಲೋಶಿಪ್‌ನ ಪ್ರೈಮೇಟರು. ಆ ಏಪ್ರಿಲ್‌ನಲ್ಲಿ ರುವಾಂಡದ ಕಿಗಾಲಿಯಲ್ಲಿ ಸೇರಿದ್ದು ಗ್ಯಾಫ್ಕಾನ್. 2025ರ ಅಕ್ಟೋಬರಿನಲ್ಲಿ, ಸಾರಾ ಮಲ್ಲಲಿ ಅವರನ್ನು ಕ್ಯಾಂಟರ್ಬರಿಯ ಮುಂದಿನ ಆರ್ಚ್‌ಬಿಷಪ್ ಎಂದು ಹೆಸರಿಸಿದ ಎರಡು ವಾರಗಳಲ್ಲಿ, ನಾವೇ ‘ಗ್ಲೋಬಲ್ ಆಂಗ್ಲಿಕನ್ ಕಮ್ಯುನಿಯನ್’ ಎಂದು ಘೋಷಿಸಿದ್ದೂ ಗ್ಯಾಫ್ಕಾನ್, ಅದರ ಅಧ್ಯಕ್ಷರಾದ ರುವಾಂಡದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡ ಅವರ ಸಹಿಯಲ್ಲಿ.

ಇಂಥ ಘೋಷಣೆ ಬಂದಾಗ ಎರಡು ವಿಷಯ ಪರಿಶೀಲಿಸಿ. ಸಹಿ ಹಾಕಿದ್ದು ಒಬ್ಬ ಪ್ರೈಮೇಟೋ, ಅವರ ಪ್ರಾವಿನ್ಸಿನ ಸಿನೊಡ್ಡೋ? ಆ ಪ್ರಾವಿನ್ಸಿನ ಸಂವಿಧಾನ ಬದಲಾಗಿದೆಯೋ? ನೈಜೀರಿಯಾ 2005ರಲ್ಲೇ ತನ್ನ ಸಂವಿಧಾನದಿಂದ ಕ್ಯಾಂಟರ್ಬರಿಯ ಜೊತೆಗಿನ ನಂಟಿನ ಮಾತನ್ನು ತೆಗೆದು, ಐತಿಹಾಸಿಕ ನಂಬಿಕೆಯನ್ನು ಉಳಿಸಿಕೊಂಡ ಚರ್ಚುಗಳ ಜೊತೆ ನಂಟು ಎಂದು ಬರೆದುಕೊಂಡಿತು. ಇಪ್ಪತ್ತು ವರ್ಷ ಹಿಂದಿನ ಆ ಬದಲಾವಣೆಗೆ ಸಿಕ್ಕ ಪ್ರಚಾರ ಕಡಿಮೆ, ಅದರ ತೂಕ ಎಷ್ಟೋ ಪತ್ರಿಕಾ ಹೇಳಿಕೆಗಳಿಗಿಂತ ಹೆಚ್ಚು.

ಎದುರು ದಿಕ್ಕಿನಲ್ಲೂ ಇದೇ ಎಚ್ಚರ ಬೇಕು. 2016ರ ಜನವರಿಯಲ್ಲಿ ಪ್ರೈಮೇಟರ ಸಭೆ ಎಪಿಸ್ಕೋಪಲ್ ಚರ್ಚನ್ನು ಮೂರು ವರ್ಷ ಕೆಲವು ಸಮಿತಿ ಮತ್ತು ಪ್ರಾತಿನಿಧ್ಯಗಳಿಂದ ದೂರವಿಟ್ಟಿತು. ‘ಅಮಾನತು’ ಎಂದು ಬಹಳ ಕಡೆ ಬರೆದರು. ಮೂರು ತಿಂಗಳಲ್ಲಿ ಜಾಂಬಿಯಾದ ಲುಸಾಕದಲ್ಲಿ ಸಲಹಾ ಮಂಡಳಿ ಕೂಡಿದಾಗ ಅಮೆರಿಕದ ಸದಸ್ಯರು ಬಂದು ಕೂತು ಭಾಗವಹಿಸಿದರು.

ಕಟ್ಟಡ ಯಾರದ್ದು?

ಅಮೆರಿಕದಲ್ಲಿ ಸಭೆಯೊಂದು ಹೊರನಡೆದರೆ ಮರುದಿನದ ಪ್ರಶ್ನೆ ಇದೇ. ಎಪಿಸ್ಕೋಪಲ್ ಚರ್ಚಿನ ಕೈಯಲ್ಲಿರುವುದು 1979ರ ಡೆನಿಸ್ ಕ್ಯಾನನ್: ಸ್ಥಳೀಯ ಸಭೆಯ ಆಸ್ತಿ ಇಡೀ ಚರ್ಚಿನ ಪರವಾಗಿ ಟ್ರಸ್ಟಿನಲ್ಲಿದೆ ಎಂಬ ನಿಯಮ. ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಇಂಥ ವ್ಯಾಜ್ಯವನ್ನು ರಾಜ್ಯದ ನ್ಯಾಯಾಲಯಗಳು ಧರ್ಮದ ಒಳಹೊಗದೆ, ಕ್ರಯಪತ್ರ, ಟ್ರಸ್ಟ್ ಪತ್ರಗಳನ್ನು ನೋಡಿ ಮಾಮೂಲಿ ಆಸ್ತಿ ಕಾನೂನಿನಂತೆ ತೀರ್ಮಾನಿಸಬಹುದು ಎಂದಿತ್ತು. ಎರಡನ್ನೂ ಸೇರಿಸಿದರೆ ಸಿಗುವುದು ರಾಜ್ಯಕ್ಕೊಂದು ತೀರ್ಪು. ವರ್ಜೀನಿಯಾದ ಫಾಲ್ಸ್ ಚರ್ಚ್ ಪ್ರಕರಣದಲ್ಲಿ 2013ರಲ್ಲಿ ಹೊರಹೋದವರು ಸೋತರು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 2020ರಲ್ಲಿ ಹೊರಹೋದವರೇ ಗೆದ್ದರು. ಸೌತ್ ಕ್ಯಾರೊಲಿನಾದಲ್ಲಿ 2022ರಲ್ಲಿ ನ್ಯಾಯಾಲಯ ಒಂದೊಂದು ಸಭೆಯ ಕಡತವನ್ನೂ ಬಿಡಿಸಿ, ಡೆನಿಸ್ ಕ್ಯಾನನ್ನಿಗೆ ಅವರು ಲಿಖಿತವಾಗಿ ತಲೆಬಾಗಿದ್ದರೇ ಎಂದು ನೋಡಿತು; ಕೆಲವರಿಗೆ ಕಟ್ಟಡ ಉಳಿಯಿತು, ಕೆಲವರಿಗೆ ಹೋಯಿತು. ಆದ್ದರಿಂದ ಆಸ್ತಿ ತೀರ್ಪನ್ನು ‘ಸಲಿಂಗ ವಿವಾಹಕ್ಕೆ ಗೆಲುವು’ ಅಥವಾ ‘ಸೋಲು’ ಎಂದು ಬರೆಯಬೇಡಿ. ನ್ಯಾಯಾಧೀಶರ ಮುಂದೆ ಇದ್ದದ್ದು ಕಾಗದಪತ್ರ.

ಪದೇ ಪದೇ ಆಗುವ ಬೆರಕೆಗಳು

‘ಆಫ್ರಿಕ ವಿರುದ್ಧ ಪಶ್ಚಿಮ’ ಎಂಬ ಚೌಕಟ್ಟು ಅರ್ಧ ಸರಿ. ಸಂಪ್ರದಾಯವಾದಿಗಳ ದೊಡ್ಡ ಕೋಟೆಗಳಲ್ಲಿ ಆಸ್ಟ್ರೇಲಿಯಾದ ಸಿಡ್ನಿಯೂ ಒಂದು. ಸಲಿಂಗಿಗಳ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದ ಆಂಗ್ಲಿಕನ್ನರಲ್ಲಿ ದಕ್ಷಿಣ ಆಫ್ರಿಕದ ಡೆಸ್ಮಂಡ್ ಟೂಟೂ ಒಬ್ಬರು.

ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡುವ ವಿವಾದವನ್ನು ಇದಕ್ಕೆ ಅಂಟಿಸಬೇಡಿ. ಆ ವಿಷಯದಲ್ಲಿ ಗ್ಯಾಫ್ಕಾನ್ ಒಳಗೇ ಒಮ್ಮತವಿಲ್ಲ. ಅದರ ಸದಸ್ಯನಾದ ಕೀನ್ಯದಲ್ಲಿ ಮಹಿಳಾ ಬಿಷಪ್ಪರಿದ್ದಾರೆ. ವೆಲ್ಬಿ 2024ರ ನವೆಂಬರಿನಲ್ಲಿ ರಾಜೀನಾಮೆ ಘೋಷಿಸಿದ್ದು ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣವೊಂದನ್ನು ಚರ್ಚ್ ನಿಭಾಯಿಸಿದ ರೀತಿಗಾಗಿ, ಸಲಿಂಗ ವಿವಾದಕ್ಕಾಗಿ ಅಲ್ಲ.

ಕ್ರಿಮಿನಲ್ ಕಾನೂನಿನದು ಇನ್ನೊಂದು ಪ್ರಶ್ನೆಯೇ. ಸಲಿಂಗ ಆಕರ್ಷಣೆಗಾಗಿ ಜನರನ್ನು ದಂಡಿಸುವ ಕಾನೂನುಗಳನ್ನು 2016ರ ಪ್ರೈಮೇಟರ ಸಭೆ ತಿರಸ್ಕರಿಸಿತ್ತು. ಸಲಿಂಗ ಸಂಬಂಧಕ್ಕೆ ಕಠಿಣ ಶಿಕ್ಷೆ ವಿಧಿಸುವ ಉಗಾಂಡದ 2023ರ ಕಾಯಿದೆಯನ್ನು ಅಲ್ಲಿನ ಆಂಗ್ಲಿಕನ್ ಆರ್ಚ್‌ಬಿಷಪ್ ಸ್ವಾಗತಿಸಿದಾಗ ವೆಲ್ಬಿ ಬಹಿರಂಗವಾಗಿ ನೋವು ತೋಡಿಕೊಂಡರು. ಚರ್ಚಿನಲ್ಲಿ ಮದುವೆ ಬೇಡ ಎನ್ನುವವರೆಲ್ಲ ಜೈಲು ಬೇಕು ಎನ್ನುವವರಲ್ಲ. ಇವೆರಡನ್ನು ಒಂದೇ ವಾಕ್ಯದಲ್ಲಿ ಕಲಸಿದರೆ ಇಬ್ಬರಿಗೂ ಅನ್ಯಾಯ.

ಕನ್ನಡದ ಪದಗಳಲ್ಲಿ ಒಂದು ಗುಂಡಿ ಇದೆ. ಬಿಷಪ್ಪರ ಆಡಳಿತ ಪ್ರದೇಶವಾದ ಡಯಾಸಿಸ್‌ಗೆ ನಮ್ಮ ಪ್ರೊಟೆಸ್ಟಂಟರು ‘ಸಭಾಪ್ರಾಂತ’ ಎನ್ನುತ್ತಾರೆ, ಕೆಥೊಲಿಕರು ‘ಧರ್ಮಪ್ರಾಂತ್ಯ’. ಪ್ರಾವಿನ್ಸನ್ನು ‘ಪ್ರಾಂತ’ ಎಂದುಬಿಟ್ಟರೆ ಒಂದು ಜಿಲ್ಲೆಯ ತೀರ್ಮಾನ ಒಂದು ದೇಶದ ತೀರ್ಮಾನವಾಗಿ ಕಾಣುತ್ತದೆ. 2002ರಲ್ಲಿ ಆಶೀರ್ವಾದಕ್ಕೆ ಒಪ್ಪಿದ ನ್ಯೂ ವೆಸ್ಟ್‌ಮಿನ್ಸ್ಟರ್ ಕೆನಡಾದ ಒಂದು ಸಭಾಪ್ರಾಂತ ಮಾತ್ರ, ಕೆನಡಾ ಅಲ್ಲ. ಡಯಾಸಿಸ್‌ಗೆ ಸಭಾಪ್ರಾಂತ ಇರಲಿ, ಪ್ರಾವಿನ್ಸನ್ನು ಪ್ರಾವಿನ್ಸ್ ಎಂದೇ ಬಿಡುವುದು ಕ್ಷೇಮ. ವ್ಯಕ್ತಿಗಳ ಬಗ್ಗೆ ಬರೆಯುವಾಗ ‘ಸಲಿಂಗಕಾಮಿ’ಗಿಂತ ‘ಸಲಿಂಗಿ’ ಅಥವಾ ‘ಸಲಿಂಗ ಸಂಗಾತಿಯಿರುವ’ ಎಂಬುದು ನಿಖರ, ಏಕೆಂದರೆ ಈ ಜಗಳದಲ್ಲಿ ಒಲವು ಬೇರೆ, ಲೈಂಗಿಕ ಸಂಬಂಧ ಬೇರೆ ಎಂಬ ವ್ಯತ್ಯಾಸದ ಮೇಲೆಯೇ ಎಷ್ಟೋ ನಿಯಮಗಳು ನಿಂತಿವೆ.

ಇನ್ನು ತಲೆ ಎಣಿಕೆ. ಜಗತ್ತಿನ ಆಂಗ್ಲಿಕನ್ನರಲ್ಲಿ ಶೇ 85 ಮಂದಿ ನಮ್ಮ ಕಡೆ ಎಂದು ಸಂಪ್ರದಾಯವಾದಿ ಕೂಟಗಳು ಹೇಳಿಕೊಳ್ಳುತ್ತವೆ. ಕಮ್ಯುನಿಯನ್ ತನ್ನ ಒಟ್ಟು ಸಂಖ್ಯೆ 8.5 ಕೋಟಿ ಎನ್ನುವಾಗ ಇಂಗ್ಲೆಂಡಿನ ಪಾಲಿಗೆ ಸುಮಾರು 2.6 ಕೋಟಿ ಬರೆಯುವುದು ವಾಡಿಕೆ. ಅದು ದೀಕ್ಷಾಸ್ನಾನ ಪಡೆದವರ ಲೆಕ್ಕ, ವಾರದ ಹಾಜರಿ ಹತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಎರಡೂ ಅಂಕಿಗಳನ್ನು ಬಳಸಬಹುದು, ಹೇಳಿದವರು ಯಾರು, ಎಣಿಸಿದ್ದು ಏನನ್ನು ಎಂದು ಪಕ್ಕದಲ್ಲೇ ಬರೆದರೆ.